ಹಾಜರಿ ಪುಸ್ತಕದ ಅಂಚಿನಲ್ಲಿ

ಬಡವರ ಮನೆಯ ಮಗು ಶಾಲೆಯ ಗಂಟೆ ಬಾರಿಸುವ ಹೊತ್ತಿಗೆ ಅರ್ಧ ಪರೀಕ್ಷೆ ಮುಗಿಸಿರುತ್ತದೆ: ನೀರು ಹಿಡಿದು, ತಮ್ಮನಿಗೆ ಉಣ್ಣಿಸಿ, ಅವ್ವನನ್ನು ಕೂಲಿಗೆ ಕಳಿಸಿ. ಅದಕ್ಕೆ ಅಂಕ ಕೊಡುವ ಪದ್ಧತಿ ಇನ್ನೂ ಬಂದಿಲ್ಲ.

ಹಸಿದ ಹೊಟ್ಟೆಗೆ ಕಾಗುಣಿತ ಕೇಳಿಸದು. ಶಾಲೆಯನ್ನು ಅರ್ಧಕ್ಕೇ ಬಿಟ್ಟಿದ್ದ ಮದರಾಸಿನ ಮುಖ್ಯಮಂತ್ರಿ ಕಾಮರಾಜರಿಗೆ ಇದು 1956ರಲ್ಲೇ ಗೊತ್ತಿತ್ತು. ಓದಿದವರ ದೇಶಕ್ಕೆ ಗೊತ್ತಾಗಲು ಶಾಲೆಯಲ್ಲಿ ಬಿಸಿಯೂಟ ಕೊಡಿರೆಂಬ 2001ರ ಸುಪ್ರೀಂ ಕೋರ್ಟ್ ಆದೇಶ ಬೇಕಾಯಿತು. ಮರುವರ್ಷ ಕರ್ನಾಟಕದ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹದ ಒಲೆ ಹೊತ್ತಿತು.

ಒಂದರಿಂದ ಐದನೆಯ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ, ಆರರಿಂದ ಮೇಲಿನವರಿಗೆ 150. ಸುತ್ತೋಲೆಯ ಭಾಷೆ ಹಸಿವಿನ ಇಷ್ಟು ಸಮೀಪಕ್ಕೆ ಬಂದದ್ದು ಅಪರೂಪ. ಆದರೆ ಸೋಮವಾರದ ಹಸಿವು ತೂಕಕ್ಕೆ ಸಿಗದು. ಅದರಲ್ಲಿ ಭಾನುವಾರದ್ದೂ ಸೇರಿರುತ್ತದೆ.

ಡೇರಿಗೆ ಹಾಲು ಹಾಕುವ ಮನೆಯ ಮಗುವಿಗೆ ಎಷ್ಟೋ ಸಲ ಮನೆಯಲ್ಲೇ ಹಾಲಿಲ್ಲ. 2013ರ ಕ್ಷೀರಭಾಗ್ಯದಿಂದೀಚೆಗೆ ಹಾಲು ಪುಡಿಯಾಗಿ, ಮತ್ತೆ ಬಿಸಿನೀರಿನಲ್ಲಿ ಕರಗಿ, 150 ಮಿಲಿಯ ಲೋಟವಾಗಿ ಶಾಲೆಯಲ್ಲಿ ಅದರ ಕೈಗೆ ಬರುತ್ತದೆ. ಅಷ್ಟು ದೂರ ಸುತ್ತಿದರೂ ಅದು ಆ ಮಗುವಿನದೇ ಪಾಲು.

ಮೊಟ್ಟೆ ಕೊಡಬೇಕೇ ಬೇಡವೇ ಎಂದು ವರ್ಷಗಟ್ಟಲೆ ವಾದಿಸಿದವರ ಮಕ್ಕಳು ಊಟದ ಸಾಲಿನಲ್ಲಿ ತಟ್ಟೆ ಹಿಡಿದವರಲ್ಲ. ತಟ್ಟೆ ಹಿಡಿದವರು ಮೊದಲ ದಿನವೇ ತೀರ್ಮಾನಿಸಿದರು. ಒಲ್ಲದವರಿಗೆ ಬಾಳೆಹಣ್ಣಿತ್ತು, ಚಿಕ್ಕಿಯಿತ್ತು. ಜಗಳಕ್ಕೆ ಕಾರಣವೊಂದು ಇರಲಿಲ್ಲ.

ಬಿಸಿಯೂಟದ ಪಂಕ್ತಿಯಲ್ಲಿ ಜಾತಿಗೆ ಕೂರಲು ಜಾಗವಿಲ್ಲ. ಆದರೂ ದಲಿತ ಹೆಂಗಸು ಅಟ್ಟ ಅನ್ನ ಬೇಡವೆಂದ ಊರುಗಳಿವೆ. ಆ ಮಾತು ಮಕ್ಕಳಿಗೆ ಮನೆಯಲ್ಲಿ ಕಲಿಸಿದ ಪಾಠ. ಅದನ್ನು ಮರೆಸುವುದೂ ಶಾಲೆಯ ಪಠ್ಯವೇ.

ಯಾವ ಮಗು ಎರಡನೆಯ ಸಲ ಅನ್ನ ಕೇಳಿತು, ಯಾವುದು ಕೇಳಲು ನಾಚಿತು ಎಂಬುದು ಮೊದಲು ತಿಳಿಯುವುದು ಅಡುಗೆಯಾಕೆಗೆ. ಶಿಕ್ಷಕರ ಸಭೆಗೆ ಆಕೆಯನ್ನು ಕರೆಯುವ ರೂಢಿಯಿಲ್ಲ.

ನಾಡಿನ ಅಸಂಖ್ಯ ಹಿರಿಯರು ಹುಟ್ಟಿದ್ದು ಜೂನ್ 1ರಂದು. ಹೆತ್ತವರಿಗೆ ನೆನಪಿರದ ದಿನವನ್ನು ಹೆಡ್ ಮಾಸ್ತರರು ದಾಖಲಾತಿ ಪುಸ್ತಕದಲ್ಲಿ ಬರೆದುಬಿಟ್ಟರು. ಸುಳ್ಳೇ ಸರಿ. ಆ ಸುಳ್ಳಿನಿಂದ ಅವರಿಗೆ ವಯಸ್ಸು ಬಂತು, ಆಮೇಲೆ ನೌಕರಿ, ಆಮೇಲೆ ಪಿಂಚಣಿ.

ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಬಡವನ ಮುಂದೆ ಕಾಗದ ಕೇಳದೆ ತೆರೆಯುವ ಸರ್ಕಾರಿ ಬಾಗಿಲು ಬಹುಶಃ ಇದೊಂದೇ. ಒಳಗೆ ಹೋದ ಮೇಲೆ ಆಧಾರ್ ಕೇಳುತ್ತಾರೆ, ಆ ಮಾತು ಬೇರೆ.

ಸಮವಸ್ತ್ರ ಬಡತನವನ್ನು ಕಳೆಯದು, ಸಂಜೆಯವರೆಗೆ ಮರೆಮಾಡುತ್ತದೆ. ಮಗ್ಗಿ ಕಲಿಯಲು ಅಷ್ಟು ಬಿಡುವು ಸಾಕು. ಆದರೆ ಆಗಸ್ಟಿನಲ್ಲಿ ಬಂದ ಸಮವಸ್ತ್ರ ಜೂನಿನ ಅವಮಾನವನ್ನು ಮುಚ್ಚಲಾರದು.

ದಾನದ ಪೆನ್ಸಿಲ್ ಮೇಲೆ ದಾನಿಯ ಹೆಸರಿದ್ದರೆ, ಮಗು ಬರೆಯುವ ಪ್ರತಿ ಅಕ್ಷರವೂ ಸಾಲದ ಪತ್ರ.

ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಒಂದು ಸತ್ಯವನ್ನು ಮರ್ಯಾದೆಯಿಂದ ಒಪ್ಪಿಕೊಂಡಿತು: ಬಡವರ ಮಗು ನಡುನಡುವೆ ತಪ್ಪಿಸಿಕೊಳ್ಳುತ್ತದೆ. ಹತ್ತಿ ಬಿಡಿಸಲು ಹೋಗಿ ಹದಿನೈದು ದಿನ ಬಿಟ್ಟು ಬಂದ ಹುಡುಗಿ ತಾನು ನಿಂತ ಮೆಟ್ಟಿಲಿನಿಂದಲೇ ಕಲಿಕೆಯ ಏಣಿ ಹತ್ತಬಹುದು. ಪಾಠ ಅವಳನ್ನು ಬಿಟ್ಟು ಮುಂದಕ್ಕೆ ಓಡಿರುವುದಿಲ್ಲ. ನೆಲದ ಮೇಲೆ ದುಂಡಗೆ ಕುಳಿತ ಗುಂಪಿಗೆ ಅಲ್ಲಿ ತಟ್ಟೆ ಎನ್ನುತ್ತಾರೆ. ಒಂದು ತಟ್ಟೆಗೆ ಶಿಕ್ಷಕರು, ಇನ್ನೊಂದಕ್ಕೆ ಸಹಪಾಠಿಯೇ ಗುರು. ದುಂಡಗೆ ಕುಳಿತವರಲ್ಲಿ ಹಿಂದಿನ ಬೆಂಚಿನವರು ಯಾರೂ ಇಲ್ಲ.

ಒಳ್ಳೆಯ ವಿಧಾನಕ್ಕೂ ಜಿಪುಣ ಯಜಮಾನರು ಸಿಗುತ್ತಾರೆ. ಮೂರು ತರಗತಿಗಳನ್ನು ಒಬ್ಬರೇ ಶಿಕ್ಷಕರಿಗೆ ಒಪ್ಪಿಸಲು ಅದೇ ನಲಿ-ಕಲಿ ನೆಪವೂ ಆಯಿತು.

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಒಬ್ಬರು ತಾಲ್ಲೂಕಿನ ಸಭೆಗೆ ಹೋಗಿರುತ್ತಾರೆ. ಇನ್ನೊಬ್ಬರು ಹಾಲಿನ ಪುಡಿಯ ಲೆಕ್ಕ ಬರೆಯುತ್ತಿರುತ್ತಾರೆ. ಆದರೂ ಸಂಜೆಯೊಳಗೆ ಯಾವುದೋ ಮಗುವಿಗೆ ಕಳೆಯುವ ಲೆಕ್ಕ ಬಂದಿರುತ್ತದೆ. ಹೇಗೆ ಬಂತೆಂದು ತಪಾಸಣೆಯ ವರದಿಗಳು ಬರೆಯುವುದಿಲ್ಲ.

ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಈ ಮೂರರ ಹೊರಗೆ ಶಿಕ್ಷಕರಿಗೆ ಬೇರೆ ಕೆಲಸ ಹಚ್ಚಬಾರದೆಂದು ಕಾಯ್ದೆ. ಮೊಬೈಲ್ ಆ್ಯಪ್‌ಗೆ ಮಾಹಿತಿ ತುಂಬುವುದನ್ನು ಕೆಲಸವೆಂದು ಯಾರೂ ಕರೆಯುವುದಿಲ್ಲವಾದ್ದರಿಂದ ಅದು ನಿಷೇಧಕ್ಕೆ ಸಿಗಲಿಲ್ಲ.

ಬಡ ಮಗುವಿಗೆ ಗುರು ಮಾಡುವ ದೊಡ್ಡ ಅನ್ಯಾಯವೆಂದರೆ ಕನಿಕರಪಟ್ಟು ಸುಲಭದ ಲೆಕ್ಕ ಕೊಡುವುದು.

'ಇವನ ಮನೆಯಲ್ಲಿ ಓದಿದವರು ಯಾರೂ ಇಲ್ಲ.' ಈ ಮಾತು ಒಬ್ಬ ಶಿಕ್ಷಕರಿಗೆ ನೆಪ, ಇನ್ನೊಬ್ಬರಿಗೆ ಕೆಲಸದ ಆರಂಭ. ಇಬ್ಬರ ಸಂಬಳವೂ ಒಂದೇ.

ಶೌಚಾಲಯಕ್ಕೆ ಬೀಗ ಹಾಕಿ ಕೀಲಿಯನ್ನು ಮುಖ್ಯಶಿಕ್ಷಕರ ಮೇಜಿನೊಳಗೆ ಇಟ್ಟ ಶಾಲೆ, ಏಳನೆಯ ತರಗತಿಯ ಹುಡುಗಿಗೆ ಒಂದು ಪಾಠವನ್ನು ಸ್ಪಷ್ಟವಾಗಿ ಹೇಳಿಕೊಟ್ಟಿದೆ: ಬರಬೇಡ.

ಸುಗ್ಗಿ ಮುಗಿದ ಮೇಲೆ ರಾಯಚೂರು, ಯಾದಗಿರಿಯ ಹಳ್ಳಿಗಳು ಗುಳೆ ಹೊರಡುತ್ತವೆ. ಬೆಂಗಳೂರಿನಲ್ಲಿ ಮಹಡಿಗಳು ಏರುತ್ತವೆ, ಊರಿನ ಶಾಲೆಯಲ್ಲಿ ಹಾಜರಿ ಇಳಿಯುತ್ತದೆ. ಅಜ್ಜಿಯ ಬಳಿ ಉಳಿದ ಮಗು ಮಧ್ಯಾಹ್ನದ ಊಟಕ್ಕೆ ಶಾಲೆಯನ್ನೇ ನೆಚ್ಚಿದೆ. ಹೋದ ಮಗುವಿಗೆ ಕಟ್ಟಡದ ಮಗ್ಗುಲಿನ ಟೆಂಟ್ ಶಾಲೆ, ಅದೂ ಇದ್ದರೆ. ಎರಡು ಹಾಜರಿ ಪುಸ್ತಕಗಳ ನಡುವೆ ಬಿದ್ದುಹೋದ ಹೆಸರನ್ನು ಹುಡುಕಿಕೊಂಡು ಹೋಗುವವರು ಶಿಕ್ಷಕರು. ಕೆಂಪು ಶಾಯಿಯಲ್ಲಿ ಹೊಡೆದುಹಾಕುವವರು ನೌಕರರು.

2020ರಲ್ಲಿ ಶಾಲೆ ಮುಚ್ಚಿತು. ಪಾಠ ಮೊಬೈಲಿಗೆ ಹೋಯಿತು, ಮೊಬೈಲ್ ಅಪ್ಪನ ಜೊತೆ ಕೆಲಸಕ್ಕೆ ಹೋಯಿತು. ವಿದ್ಯಾಗಮದ ಹೆಸರಿನಲ್ಲಿ ಶಿಕ್ಷಕರೇ ಗುಡಿಯ ಜಗಲಿಗೆ, ಅರಳಿಕಟ್ಟೆಗೆ ನಡೆದು ಬಂದರು. ಕೆಲವೇ ವಾರಗಳಲ್ಲಿ ಅದೂ ನಿಂತಿತು. ಹದಿಮೂರರ ಹುಡುಗಿಯನ್ನು ಮದುವೆಯಿಂದ ಕಾಯುತ್ತಿದ್ದುದು ಕಾನೂನಿಗಿಂತ ಹೆಚ್ಚಾಗಿ ಬೆಳಗಿನ ಪ್ರಾರ್ಥನೆಯ ಸಾಲು ಎಂಬುದು ಹಲವು ಊರುಗಳಿಗೆ ಆಗ ಅರಿವಾಯಿತು.

ಓದು ಬಾರದ ಕಿತ್ತಳೆ ವ್ಯಾಪಾರಿ ಹರೇಕಳ ಹಾಜಬ್ಬರಿಗೆ, ವಿದೇಶಿಯರು ಹಣ್ಣಿನ ಬೆಲೆ ಕೇಳಿದ್ದು ಅರ್ಥವಾಗಲಿಲ್ಲ. ಆ ನಾಚಿಕೆಯನ್ನು ಅವರು ನ್ಯೂಪಡ್ಪುವಿನಲ್ಲಿ ಸರ್ಕಾರಿ ಶಾಲೆಯಾಗಿ ನಿಲ್ಲಿಸಿದರು. ಡಿಗ್ರಿ ಪಡೆದವರು ತುಂಬಿದ ಊರುಗಳಲ್ಲಿ ಮಕ್ಕಳಿಲ್ಲವೆಂದು ಸರ್ಕಾರಿ ಶಾಲೆಗೆ ಬೀಗ ಬೀಳುತ್ತಿದೆ.

ಹೊಟ್ಟೆ ಬಟ್ಟೆ ಕಟ್ಟಿ ಮಗನನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವ ತಾಯಿಯನ್ನು ಮರುಳು ಎನ್ನುವವರು, ತಮ್ಮ ಮಕ್ಕಳು ಎಲ್ಲಿ ಓದಿದರೆಂದು ಮೊದಲು ಹೇಳಲಿ. ಆಕೆ ಕೊಳ್ಳುತ್ತಿರುವುದು ಇವರ ಮಕ್ಕಳಿಗೆ ಪುಕ್ಕಟೆ ಸಿಕ್ಕ ಭರವಸೆಯನ್ನು.

ಸರ್ಕಾರಿ ಸಂಬಳ ಪಡೆಯುವವರ ಮಕ್ಕಳು ಸರ್ಕಾರಿ ಶಾಲೆಯಲ್ಲೇ ಓದಬೇಕೆಂದು 2015ರಲ್ಲಿ ಅಲಹಾಬಾದ್ ಹೈಕೋರ್ಟ್ ಹೇಳಿತು. ತೀರ್ಪು ಕಡತದಲ್ಲಿದೆ, ಮಕ್ಕಳು ಕಾನ್ವೆಂಟಿನಲ್ಲಿದ್ದಾರೆ.

ಸೋರುವ ಚಾವಣಿ ದೂರು ಕೊಡುವವರನ್ನು ಕಾಯುತ್ತದೆ. ದೂರು ಕೊಡಬಲ್ಲವರು ತಮ್ಮ ಮಕ್ಕಳನ್ನು ಎಂದೋ ಬಿಡಿಸಿಕೊಂಡು ಹೋದರು. ಉಳಿದವರಿಗೆ ಅರ್ಜಿ ಬರೆಯಲು ಬಾರದು. ಬರೆಯಬಲ್ಲ ಅವರ ಮಕ್ಕಳು ಇನ್ನೂ ಆರನೆಯ ತರಗತಿ.

ಮೇ ಕೊನೆಗೆ ಶಾಲೆ ಮತ್ತೆ ತೆರೆಯುತ್ತದೆ. ಪಾಠಕ್ಕೆ ಶುಲ್ಕವಿಲ್ಲ, ಪುಸ್ತಕಕ್ಕೆ ದುಡ್ಡು ಕೊಡಬೇಕಿಲ್ಲ. ನಿಮ್ಮ ಮನೆಗೆಲಸಕ್ಕೆ ಬರುವಾಕೆಯ ಮಗಳು ಯಾವ ತರಗತಿಯಲ್ಲಿದ್ದಾಳೆ, ಈ ವಾರ ಶಾಲೆಗೆ ಹೋಗಿದ್ದಾಳೆಯೇ, ಕೇಳಿ ನೋಡಿ.