ಉಸಿರೂ ಒಂದು ಪ್ರಾಣ

ಜೈನರಾದ ನಾವು ಹತ್ತು ಪ್ರಾಣಗಳನ್ನು ಎಣಿಸುತ್ತೇವೆ: ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಆಯುಸ್ಸು, ಉಸಿರಾಟ. ಕೀಮೋ ವಾರ್ಡಿನ ನರ್ಸ್ ನಾನು. ಬ್ಲಿಯೋಮೈಸಿನ್ ಸೀಸೆ ಕೈಗೆತ್ತಿಕೊಂಡಾಗಲೆಲ್ಲ ಆ ಕೊನೆಯದು ನೆನಪಾಗುತ್ತದೆ.

ಜಪಾನಿನ ಹಮಾವೊ ಉಮೆಜಾವಾ ಮತ್ತು ಸಂಗಡಿಗರು ಮಣ್ಣಿನ ಬ್ಯಾಕ್ಟೀರಿಯಾದಿಂದ ಪಡೆದು 1966ರಲ್ಲಿ ಪ್ರಕಟಿಸಿದ ಔಷಧ ಇದು. ಹಾಡ್ಜ್‌ಕಿನ್ ಲಿಂಫೋಮಾ, ವೃಷಣದ ಕ್ಯಾನ್ಸರ್ ಬಂದ ಎಷ್ಟೋ ಹುಡುಗರು ಇದರ ನೆರವಿನಿಂದ ಬದುಕಿದ್ದಾರೆ. ಜೀವಕೋಶದೊಳಗೆ ಇದು ಕಬ್ಬಿಣವನ್ನು ಹಿಡಿದು, ಆಮ್ಲಜನಕದ ಜೊತೆ ಸೇರಿ ಉಗ್ರ ಕಣಗಳನ್ನು ಹುಟ್ಟಿಸುತ್ತದೆ. ಅವು ಡಿಎನ್‌ಎ ಎಳೆಗಳನ್ನು ತುಂಡರಿಸುತ್ತವೆ. ಮದ್ದಿನ ಈ ಶಕ್ತಿಯನ್ನು ಅಡಗಿಸುವ ಕಿಣ್ವವೊಂದು ದೇಹದಲ್ಲಿದೆ, ಆದರೆ ಶ್ವಾಸಕೋಶದಲ್ಲೂ ಚರ್ಮದಲ್ಲೂ ಅದು ತೀರ ಕಡಿಮೆ. ಗಾಳಿಗೂಡುಗಳ ತೆಳು ಒಳಪದರ ಏಟು ತಿನ್ನುತ್ತದೆ. ಆ ಪದರವನ್ನು ಮತ್ತೆ ಬೆಳೆಸಬೇಕಾದ ಕೋಶಗಳೂ ನಲುಗಿದರೆ ಫೈಬ್ರೊಬ್ಲಾಸ್ಟ್‌ಗಳು ಅಲ್ಲಿ ಕೊಲಾಜೆನ್ ಎಂಬ ನಾರು ತುಂಬುತ್ತವೆ. ಮೆತ್ತಗಿದ್ದದ್ದು ನಾರುಗಟ್ಟಿ ಬಿಗಿಯುತ್ತದೆ. ಆಮ್ಲಜನಕ ರಕ್ತಕ್ಕೆ ದಾಟುವುದೇ ಕಷ್ಟವಾಗುತ್ತದೆ.

‘ಯಾವ ಜನ್ಮದ ಕರ್ಮ ಸಿಸ್ಟರ್ ಇದು?’ ಎಂದು ಈ ಮದ್ದಿನಿಂದ ಒಣಕೆಮ್ಮು ಹತ್ತಿದ ಹುಡುಗನೊಬ್ಬನ ತಾಯಿ ಕೇಳಿದರು. ಕರ್ಮವನ್ನು ನಾನು ನಂಬುತ್ತೇನೆ. ಆದರೆ ಎಲ್ಲರ ಶ್ವಾಸಕೋಶದಲ್ಲೂ, ನನ್ನದರಲ್ಲೂ, ಇರುವ ಆ ಕಿಣ್ವದ ಕೊರತೆಯನ್ನು ಅವರ ಮಗನ ಪಾಪ ಅನ್ನಲಾರೆ. ಅದು ಕ್ರೌರ್ಯ. ಪ್ರಶ್ನೆ ಇರುವುದು ಮದ್ದು ಕೊಟ್ಟವರಿಗೆ.

ನಮ್ಮ ಶಾಸ್ತ್ರ ಹಿಂಸೆಯನ್ನು ದ್ರವ್ಯಹಿಂಸೆ (ನಡೆದ ಹಾನಿ), ಭಾವಹಿಂಸೆ (ಮನಸ್ಸಿನ ಹಿಂಸೆ) ಎಂದು ಬೇರ್ಪಡಿಸುತ್ತದೆ. ಕೊಲ್ಲುವ ಭಾವ ನಮ್ಮಲ್ಲಿ ಯಾರಿಗೂ ಇರಲಿಲ್ಲ, ನಿಜ. ಹಾಗೆಂದು ಒಂದು ಪ್ರಾಣಕ್ಕೆ ಬಿದ್ದ ಪೆಟ್ಟು ಇಲ್ಲವಾಗುವುದಿಲ್ಲ. ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯನ್ನು ಪ್ರಮಾದದ, ಅಂದರೆ ಎಚ್ಚರಗೇಡಿತನದ, ಜೊತೆ ಕಟ್ಟಿದ್ದಾರೆ. ‘ಒಳ್ಳೆಯದಕ್ಕೇ ಕೊಟ್ಟೆವು’ ಎಂಬ ಸಮಾಧಾನ ಅಲ್ಲಿ ಸಾಲುವುದಿಲ್ಲ. ಕೊಟ್ಟವರು ಎಚ್ಚರವಾಗಿದ್ದರೇ ಎಂದು ಕೇಳಬೇಕಾಗುತ್ತದೆ.

ಒಟ್ಟು ಪ್ರಮಾಣ 400 ಯೂನಿಟ್ ದಾಟಿದರೆ ಅಪಾಯ ಏರುತ್ತದೆ. ವಯಸ್ಸಾದವರಲ್ಲಿ, ಕಿಡ್ನಿ ಸೋತವರಲ್ಲಿ ಅದಕ್ಕೂ ಮೊದಲೇ ಕಾಣಿಸಿಕೊಳ್ಳಬಹುದು. ಹಾಗಾಗಿ ಪ್ರತಿ ಡೋಸಿಗೂ ಮೊದಲು ಕೂತು ಕೇಳುತ್ತೇನೆ: ಕೆಮ್ಮು ಉಂಟೇ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ? ಹೌದೆಂದರೆ ಸೀಸೆ ಒಡೆಯದೆ ಡಾಕ್ಟರನ್ನು ಕರೆಯುತ್ತೇನೆ. ಗೃಹಸ್ಥರ ಅಣುವ್ರತಗಳಲ್ಲಿ ಮೊದಲನೆಯದಾದ ಅಹಿಂಸೆಯನ್ನು ನಾನು ಪಾಲಿಸುವ ಬಗೆ ಇದು. ಚಿಕಿತ್ಸೆ ಮುಗಿಸಿ ಹೊರಡುವವರ ಚೀಟಿಯಲ್ಲಿ, ಮುಂದೆ ಎಂದಾದರೂ ಆಪರೇಷನ್ ಆದರೆ ಅರಿವಳಿಕೆ ಡಾಕ್ಟರಿಗೆ ಈ ಔಷಧದ ಹೆಸರು ಹೇಳಬೇಕೆಂದು ಕನ್ನಡದಲ್ಲೇ ಬರೆದು ಕೊಡುತ್ತೇನೆ, ಏಕೆಂದರೆ ಆಗ ಅತಿಯಾಗಿ ಕೊಟ್ಟ ಆಮ್ಲಜನಕವೂ ಈ ಶ್ವಾಸಕೋಶಕ್ಕೆ ಕೆಡುಕಾಗಬಹುದು.