ಎತ್ತಿಕೊಂಡವರನ್ನು ಇಳಿಸುವುದೆಲ್ಲಿ?

2020ರ ಆಗಸ್ಟ್ ಮೊದಲ ವಾರ. ಡೆನ್ಮಾರ್ಕ್ ಧ್ವಜದ ಟ್ಯಾಂಕರ್ ‘ಮೇರ್ಸ್ಕ್ ಎಟಿಯೆನ್’ ಮೆಡಿಟರೇನಿಯನ್ ಸಮುದ್ರದಲ್ಲಿ ಸಂಕಟಕ್ಕೆ ಸಿಕ್ಕ ದೋಣಿಯೊಂದರಿಂದ 27 ಜನರನ್ನು ಮೇಲೆತ್ತಿತು. ನೆರವಿಗೆ ಹೋಗಿ ಎಂದದ್ದು ಮಾಲ್ಟಾ. ಬಂದವರನ್ನು ಇಳಿಸಿಕೊಳ್ಳಲು ಒಲ್ಲೆನೆಂದದ್ದೂ ಮಾಲ್ಟಾವೇ. ಆ ಜನ ಒಂದು ತಿಂಗಳಿಗೂ ಹೆಚ್ಚು ಕಾಲ ಹಡಗಿನಲ್ಲೇ ಕಳೆದರು. ಕೊನೆಗೆ ಸ್ವಯಂಸೇವಾ ಸಂಘಟನೆಯೊಂದರ ಹಡಗು ಅವರನ್ನು ಹತ್ತಿಸಿಕೊಂಡು ಇಟಲಿಗೆ ಒಯ್ದಿತು.

ಇಲ್ಲಿ ಕಾನೂನು ಮುರಿದವರು ಯಾರು? ಉತ್ತರ ಸುಲಭವಲ್ಲ. ಅಪಾಯದಲ್ಲಿರುವವರನ್ನು ಕಾಪಾಡಬೇಕೆಂದು ಅಂತರರಾಷ್ಟ್ರೀಯ ಒಪ್ಪಂದಗಳು ಕಪ್ತಾನನಿಗೆ ನೇರವಾಗಿ ವಿಧಿಸುತ್ತವೆ. ಕಾಪಾಡಿದವರನ್ನು ಯಾವ ದೇಶ ಸ್ವೀಕರಿಸಬೇಕು ಎಂಬಲ್ಲಿ ಅವುಗಳ ದನಿ ತಗ್ಗುತ್ತದೆ. 2001ರಲ್ಲಿ ನಾರ್ವೆಯ ‘ಟಾಂಪಾ’ ಹಡಗು ನಾನೂರಕ್ಕೂ ಹೆಚ್ಚು ಜನರನ್ನು ರಕ್ಷಿಸಿದಾಗ ಆಸ್ಟ್ರೇಲಿಯಾ ಬಾಗಿಲು ಮುಚ್ಚಿ, ಹಡಗಿಗೆ ಸೈನಿಕರನ್ನು ಹತ್ತಿಸಿತು. ಆ ಪ್ರಕರಣದ ಬಿಸಿಯಲ್ಲಿ 2004ರಲ್ಲಿ ಒಪ್ಪಂದಗಳಿಗೆ ತಿದ್ದುಪಡಿ ಬಂತು: ರಕ್ಷಣಾ ವಲಯದ ಹೊಣೆ ಹೊತ್ತ ದೇಶ ಸುರಕ್ಷಿತ ಸ್ಥಳ ಒದಗುವಂತೆ ನೋಡಿಕೊಳ್ಳಬೇಕು. ಮಾಲ್ಟಾ ಅದನ್ನು ಒಪ್ಪಿಕೊಳ್ಳಲಿಲ್ಲ.

ಹೀಗೆ ಕರ್ತವ್ಯದ ಅರ್ಧ ಭಾಗ ವ್ಯಕ್ತಿಯ ಹೆಗಲ ಮೇಲಿದೆ, ಉಳಿದರ್ಧಕ್ಕೆ ವಾರಸುದಾರರಿಲ್ಲ. ಒಳ್ಳೆಯ ಕೆಲಸ ಮಾಡಿದವನಿಗೇ ದಂಡ ಬೀಳುವ ಏರ್ಪಾಡು ನೈತಿಕವಾಗಿ ಪೊಳ್ಳು. ನಿಂತ ಹಡಗಿಗೆ ದಿನದಿನವೂ ನಷ್ಟ. ಮುಂದಿನ ದೋಣಿ ಕಂಡಾಗ ಕಣ್ಣು ತಪ್ಪಿಸುವ ಆಸೆ ಹುಟ್ಟುವುದು ಅಲ್ಲೇ.

ಈ ಗಂಟನ್ನು ರಾಜತಾಂತ್ರಿಕರು ಹಿಂದೊಮ್ಮೆ ಬಿಚ್ಚಿದ್ದುಂಟು. ವಿಯೆಟ್ನಾಮಿನಿಂದ ದೋಣಿಗಳಲ್ಲಿ ಹೊರಟವರನ್ನು ಎತ್ತಿಕೊಂಡ ಸರಕು ಹಡಗುಗಳಿಗೆ ಏಷ್ಯಾದ ಬಂದರುಗಳು ಕೇಳುತ್ತಿದ್ದುದು ಒಂದೇ: ಇವರು ಮುಂದೆಲ್ಲಿಗೆ? ಹಡಗಿನ ಧ್ವಜದ ದೇಶ ಪುನರ್ವಸತಿಯ ಭರವಸೆ ಕೊಟ್ಟರೆ ಸರಿ. ಆದರೆ ಲೈಬೀರಿಯ, ಪನಾಮಾ ಧ್ವಜ ಹಾರಿಸಿದ ಹಡಗುಗಳಿಗೆ ಅಂಥ ಭರವಸೆ ಎಲ್ಲಿಂದ ಬರಬೇಕು? 1979ರ ಜಿನೀವಾ ಸಮ್ಮೇಳನದ ನಂತರ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನ್ ಹಲವು ದೇಶಗಳಿಂದ ಪುನರ್ವಸತಿಯ ಜಾಗಗಳನ್ನು ಮುಂಗಡವಾಗಿ ಪಡೆದು ಒಂದು ನಿಧಿಯಂತೆ ಕೂಡಿಟ್ಟಿತು. 1985ರಲ್ಲಿ ಅದಕ್ಕೆ ಇನ್ನೊಂದು ಯೋಜನೆ ಜೊತೆಯಾಯಿತು. ಚೌಕಾಸಿ ಹಡಗಿನ ಮೇಲೆ ನಡೆಯುವ ಬದಲು ಮೊದಲೇ ಮೇಜಿನ ಬಳಿ ಮುಗಿಯಿತು.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಹತ್ತಿದರೆ ಹೊಸ ದೇಶ ಖಚಿತವೆಂದಾದರೆ ಇನ್ನಷ್ಟು ಜನ ಸಮುದ್ರಕ್ಕಿಳಿಯುವುದಿಲ್ಲವೇ? ಈ ಶಂಕೆ ಪೂರಾ ಸುಳ್ಳಲ್ಲ; ಅದೇ ವಿಯೆಟ್ನಾಮಿನ ದೋಣಿ ಜನರಿಗಾಗಿ ದೇಶಗಳು ಒಪ್ಪಿದ 1989ರ ಸಮಗ್ರ ಕಾರ್ಯಯೋಜನೆ, ಬಂದವರೆಲ್ಲ ನಿರಾಶ್ರಿತರೆಂಬ ಊಹೆಯನ್ನು ಬಿಟ್ಟು ಒಬ್ಬೊಬ್ಬರ ಅರ್ಜಿಯನ್ನೂ ಪರಿಶೀಲಿಸುವ ಕ್ರಮ ತಂದಿತು. ಆದರೆ ಈ ವಾದ ನೆಲೆಸುವ ಹಕ್ಕಿನ ಕುರಿತದ್ದು, ದಡಕ್ಕಿಳಿಯುವ ಹಕ್ಕಿನ ಕುರಿತದ್ದಲ್ಲ. ಯಾರಿಗೆ ಆಶ್ರಯ, ಯಾರಿಗೆ ಮರಳುವ ದಾರಿ ಎಂಬುದನ್ನು ನೆಲದ ಮೇಲೆ ವಿಚಾರಿಸಬಹುದು. ಎಣ್ಣೆ ಹಡಗಿನ ಡೆಕ್ಕು ಅದಕ್ಕೆ ನ್ಯಾಯಾಲಯವಲ್ಲ.

ಸಮುದ್ರ ವ್ಯಾಪಾರದ ಲಾಭವನ್ನು ಎಲ್ಲ ದೇಶಗಳೂ ಉಣ್ಣುತ್ತಿವೆ. ಹಡಗಿಗೆ ಧ್ವಜ ಕೊಡುವ ದೇಶ, ಬಂದರಿರುವ ದೇಶ, ಸರಕು ತರಿಸಿಕೊಳ್ಳುವ ದೇಶ ಮೂರೂ ಸೇರಿ ಪಾಲು ನಿಗದಿಪಡಿಸಿಕೊಳ್ಳಬೇಕು. ಅದೂ ಮುಂದಿನ ಹಡಗು ಬಂದರಿನಾಚೆ ಲಂಗರು ಹಾಕುವ ಮೊದಲೇ.