ಬಡ ಮಣ್ಣಿನ ಹೂಗಳು



ಇಂಗ್ಲೆಂಡಿನ ದಕ್ಷಿಣದಲ್ಲಿ, ವಿಂಚೆಸ್ಟರ್ ನಗರದಿಂದ ಕಡಲ ತೀರದ ಈಸ್ಟ್‌ಬೋರ್ನ್‌ವರೆಗೆ, ಸೌತ್ ಡೌನ್ಸ್ ಎಂಬ ಬೆಟ್ಟಸಾಲು ಇದೆ. ಮೇಲೆ ಗಿಡ್ಡ ಹುಲ್ಲು, ಕೆಳಗೆ ಸೀಮೆಸುಣ್ಣದ ಕಲ್ಲು. ಕಡಲು ಕೊರೆದ ಕಡೆ ಅದು ಬಿಳಿ ಗೋಡೆಯಂತೆ ನಿಂತಿದೆ. 2010ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಗೊತ್ತುಪಡಿಸಿದರು. ಬಂಡೀಪುರ, ನಾಗರಹೊಳೆಗಳನ್ನು ಕಂಡ ನಾವು ಅಲ್ಲಿ ಆನೆ, ಹುಲಿಗಳನ್ನು ಹುಡುಕಬಾರದು. ಅಲ್ಲಿ ಊರುಗಳಿವೆ, ಹೊಲಗಳಿವೆ, ದೇವಾಲಯಗಳಿವೆ. ಕಾಪಾಡಬೇಕಾದ ಸಂಪತ್ತುಗಳಲ್ಲಿ ಬಹು ಮುಖ್ಯವಾದದ್ದು ಆ ಹುಲ್ಲೇ!

ಹುಲ್ಲಿನಲ್ಲಿ ಅಂಥದ್ದೇನಿದೆ? ಒಳ್ಳೆಯ ಹುಲ್ಲುಗಾವಲಿನ ಒಂದು ಚದರ ಮೀಟರ್ ಜಾಗದಲ್ಲಿ 40 ಬಗೆಯ ಸಸ್ಯಗಳವರೆಗೆ ಎಣಿಸಬಹುದು. ಅವುಗಳನ್ನೇ ನಂಬಿ ಬದುಕುವ ನೀಲಿ ಚಿಟ್ಟೆಗಳಿವೆ. ಇದಕ್ಕೆ ಕಾರಣ ಮಣ್ಣಿನ ಬಡತನ. ಮಣ್ಣು ತೆಳು, ಸಾರ ಕಡಿಮೆ, ನೀರು ಬೇಗ ಇಳಿದುಹೋಗುತ್ತದೆ. ಯಾವ ಗಿಡವೂ ಕೊಬ್ಬಿ ಬೆಳೆದು ಪಕ್ಕದ್ದನ್ನು ಅಡಗಿಸಲಾರದು. ಜೊತೆಗೆ ಕುರಿಗಳು ಮೇಯಬೇಕು. ಇಲ್ಲವಾದರೆ ಪೊದೆ ಎದ್ದು ಹೂಗಳು ಮುಚ್ಚಿಹೋಗುತ್ತವೆ.

ಹಿಂದಿನ ಕುರುಬರು ಮಂದೆಯನ್ನು ಹಗಲು ಬೆಟ್ಟದ ಮೇಲೆ ಮೇಯಿಸಿ, ರಾತ್ರಿ ಕೆಳಗಿನ ಹೊಲಗಳಲ್ಲಿ ನಿಲ್ಲಿಸುತ್ತಿದ್ದರು. ನಮ್ಮ ರೈತರೂ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸುತ್ತಾರಲ್ಲ, ಹಾಗೆ. ಬೆಟ್ಟದ ಸಾರ ಹೀಗೆ ಇಳಿದು ಬಂದು ಕೆಳಗಿನವರ ಗೋಧಿಯಾಯಿತು. ಕೊಟ್ಟು ಕೊಟ್ಟು ಬಡವಾದ ಬೆಟ್ಟ ಹೂಬಿಟ್ಟಿತು. ಶ್ರೀಮಂತರಾಗಿದ್ದ ಕ್ರಿಸ್ತರು ನಮಗಾಗಿ ಬಡವರಾದರೆಂದು ಸಂತ ಪೌಲರು ಕೊರಿಂಥದವರಿಗೆ ಬರೆದದ್ದು ನನಗಿಲ್ಲಿ ನೆನಪಾಗುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಹಾರ ಬೆಳೆಯಲು ಈ ಬೆಟ್ಟಗಳನ್ನು ಉತ್ತರು. ಜನರಿಗೆ ರೊಟ್ಟಿ ಬೇಕಿತ್ತು, ಅದನ್ನು ಪಾಪವೆನ್ನಲಾಗದು. ಆದರೆ ಯುದ್ಧ ಮುಗಿದ ಮೇಲೂ ಉಳುಮೆ ನಿಲ್ಲಲಿಲ್ಲ. ರಸಗೊಬ್ಬರವೂ ಬಂತು. ಗೊಬ್ಬರ ಬಿದ್ದ ಹುಲ್ಲುಗಾವಲಿನಲ್ಲಿ ಒರಟು ಹುಲ್ಲು ಸೊಂಪಾಗಿ ಎದ್ದಿತು. ನೋಡಲು ಹಚ್ಚಹಸಿರು, ಹೂಗಳು ಮಾತ್ರ ಇಲ್ಲ.

ಹಾಗಾದರೆ, ಒಳ್ಳೆಯದಾಗಲೆಂದು ಕೊಟ್ಟದ್ದೂ ಕೊಲ್ಲಬಹುದೇ? "ನಾವು ಪಟ್ಟ ಕಷ್ಟ ನಮ್ಮ ಮಕ್ಕಳಿಗೆ ಬೇಡ ಫಾದರ್" ಎನ್ನುವ ತಂದೆತಾಯಂದಿರು ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇದ್ದಾರೆ. ಅವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಸಂತ ಥಾಮಸ್ ಅಕ್ವಿನಾಸರು ಉದಾರತೆಯನ್ನು ಸದ್ಗುಣವೆಂದರೂ ಮಿತಿಮೀರಿ ಕೊಡುವುದನ್ನು ದೋಷವೆಂದೇ ಎಣಿಸಿದರು. ಕೇಳುವ ಮೊದಲೇ ಎಲ್ಲವನ್ನೂ ಪಡೆದ ಮಗುವಿನಲ್ಲಿ ಹಟ ಸೊಂಪಾಗಿ ಬೆಳೆಯುತ್ತದೆ. ತಾಳ್ಮೆ, ಕೃತಜ್ಞತೆ, ತಂಗಿಗೂ ಒಂದು ಪಾಲು ಎತ್ತಿಡುವ ಬುದ್ಧಿ, ಇವೆಲ್ಲ ಸಣ್ಣ ಗಿಡಗಳು.

ಇದನ್ನು ಬಡತನದ ಹೊಗಳಿಕೆ ಎಂದು ದಯವಿಟ್ಟು ತಿಳಿಯಬೇಡಿ. (ಹೊತ್ತಿಗೆ ಸರಿಯಾಗಿ ಊಟ ಸಿಗುವ ಗುರುಗಳು ಬಡತನವನ್ನು ಹೊಗಳುವುದು ಸುಲಭ.) ಬೆಟ್ಟಕ್ಕೆ ಹಸಿವಾಗುವುದಿಲ್ಲ, ಮಗುವಿಗೆ ಆಗುತ್ತದೆ. ದುಡಿದರೂ ನ್ಯಾಯವಾದ ಕೂಲಿ ಸಿಗದೆ, ಮಕ್ಕಳ ಫೀಸು ಕಟ್ಟಲಾಗದೆ ಒದ್ದಾಡುವ ಮನೆಗೆ ಮಿತಿಯ ಪಾಠ ಹೇಳುವುದು ಕ್ರೌರ್ಯ. ಬಾಗಿಲಲ್ಲಿ ಬಿದ್ದಿದ್ದ ಲಾಜರನನ್ನೂ ಒಳಗೆ ಉಣ್ಣುತ್ತಿದ್ದ ಧನಿಕನನ್ನೂ ಸಂತ ಲೂಕರ ಶುಭಸಂದೇಶ ಒಂದೇ ಕಥೆಯಲ್ಲಿ ತಂದಿದೆ. ನಮ್ಮ ಮಕ್ಕಳಿಗೆ ಹೆಚ್ಚಾದದ್ದು ಪಕ್ಕದ ಬೀದಿಯ ಮಕ್ಕಳಿಗೆ ಕಡಿಮೆಯಾಗಿದೆ. ಆ ಕುರಿಮಂದೆಯಂತೆ ಅದು ಇಳಿದು ಹೋಗಲು ಒಂದು ದಾರಿ ಬೇಕು. ಹೊಸ ಬಟ್ಟೆಯನ್ನು ಕೊಡಿಸುವಾಗಲೇ ಇನ್ನೊಂದು ಮಗುವಿಗೂ ಕೊಂಡು, ಅದನ್ನು ನಿಮ್ಮ ಮಗನ ಕೈಯಿಂದಲೇ ಕೊಡಿಸಿ ನೋಡಿ.

ರಸಗೊಬ್ಬರ ಕುಡಿದ ಸುಣ್ಣದ ನೆಲದಲ್ಲಿ ಮತ್ತೆ ಹೂ ಬರಿಸಬೇಕಾದರೆ ಹುಲ್ಲನ್ನು ಕೊಯ್ದು ಅಲ್ಲೇ ಬಿಡದೆ ಹೊರಗೆ ಸಾಗಿಸಬೇಕು, ಸಾರ ಇಳಿಯಲೆಂದು. ಬಳಿಕ ಕುರಿಗಳನ್ನು ಬಿಡಬೇಕು. ಅದಕ್ಕೆ ದಶಕಗಳೇ ಹಿಡಿಯುತ್ತವೆ.